ಜರ್ಮನಿಯ ಚಳಿಗಾಲದ ಟೈರ್ ದೇವಿಮನೆ ಘಟ್ಟಕ್ಕೆ ಆದೀತೇ?

ಪ್ರಶ್ನೆ: ನಮ್ಮ ಮನೆ ಶಿರಸಿಯಲ್ಲಿ, ಕೆಲಸ ಕಾರವಾರದಲ್ಲಿ. ಸೋಮವಾರ ಬೆಳಗ್ಗೆ ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ದಾಟಿ ಹೋಗುತ್ತೇನೆ, ಶುಕ್ರವಾರ ಸಂಜೆ ವಾಪಸ್. ಕಾರು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, 1.5 ಲೀಟರ್ ಟರ್ಬೊ. ಟೈರ್ ಅಳತೆ 205/55 ಆರ್16. 36,000 ಕಿ.ಮೀ. ಓಡಿದೆ, ಇನ್ನೂ ಕಂಪನಿಯಿಂದ ಬಂದ ಟೈರ್‌ಗಳೇ. ಕಳೆದ ಮಳೆಗಾಲದಲ್ಲಿ ಎರಡು ಸಲ ಜೀವ ಹೋದಂತಾಯಿತು. ಒಮ್ಮೆ ಘಟ್ಟ ಹತ್ತುವಾಗ ತಿರುವಿನಲ್ಲಿ ಮುಂದಿನ ಚಕ್ರ ಗರಗರ ತಿರುಗಿ ಕಾರು ನೆಟ್ಟಗೆ ಹೋಯಿತು. ಇನ್ನೊಮ್ಮೆ ಅಂಕೋಲಾದ ಈಚೆ ಹೆದ್ದಾರಿಯಲ್ಲಿ ನಿಂತ ನೀರಿನ ಮೇಲೆ ಸ್ಟೀರಿಂಗ್ ಹಗುರಾಯಿತು. ಮ್ಯೂನಿಕ್‌ನಲ್ಲಿರುವ ನಮ್ಮ ಭಾವ ಚಳಿಗಾಲಕ್ಕೆ ಬೇರೆ ಟೈರ್ ಹಾಕುತ್ತಾರೆ, ಅವರದ್ದೂ ಇದೇ ಅಳತೆ. ಫೋಟೋದಲ್ಲಿ ಆಳವಾದ ಗೀರು, ಸಾವಿರಾರು ಸಣ್ಣ ಸೀಳು ಕಾಣುತ್ತವೆ. ಅಂಥ ಟೈರ್ ನಮ್ಮ ಮಳೆಗೆ ಒಳ್ಳೆಯದಲ್ಲವೇ? ಇಲ್ಲದಿದ್ದರೆ ಯಾವುದು ಹಾಕಿಸಲಿ? ಅಂಗಡಿಯಲ್ಲಿ ಗೀರಿನ ಆಳ ಅಳೆದಾಗ ಮುಂದಿನವು 2.5 ಮಿ.ಮೀ., ಹಿಂದಿನವು 4 ಮಿ.ಮೀ. ಇತ್ತು. ಮುಂದಿನ ಎರಡು ಬದಲಿಸಿದರೆ ಸಾಕು ಎಂದರು.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಭಾವನ ಟೈರ್ ಬೇಡ. ಮೃಗಶಿರಾ ಹಿಡಿಯುವ ಮೊದಲು ನಾಲ್ಕೂ ಟೈರ್ ಬದಲಿಸಿ. ಈ ವರ್ಷ ಅಷ್ಟು ಖರ್ಚು ಕಷ್ಟವಾದರೆ ಎರಡೇ ಕೊಳ್ಳಿ, ಆದರೆ ಆ ಹೊಸ ಎರಡು ಹಿಂದಿನ ಚಕ್ರಗಳಿಗೆ ಹೋಗಬೇಕು. ಈಗ ಹಿಂದೆ ಇರುವ 4 ಮಿ.ಮೀ.ನವು ಮುಂದೆ ಬರಲಿ. ಈ ಕೊನೆಯ ಮಾತಿಗೆ ಹೆಚ್ಚಿನವರು ಒಪ್ಪುವುದಿಲ್ಲ. ಇಪ್ಪತ್ತೆರಡು ವರ್ಷ ಶಿರಸಿಯಲ್ಲಿ ಟೈರ್ ಮತ್ತು ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವ) ಕೆಲಸ ಮಾಡಿದ್ದೇನೆ, ಗಿರಾಕಿಗಳ ಜೊತೆ ಅತಿ ಹೆಚ್ಚು ವಾದ ಮಾಡಿದ್ದೂ ಇದೇ ವಿಷಯಕ್ಕೆ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಊಹೆ ಮಾತ್ರ ಹುಚ್ಚಲ್ಲ. ಫೋಟೋದಲ್ಲಿ ನೀವು ಕಂಡ ಆಳವಾದ ಗೀರುಗಳು ನೀರನ್ನೂ ಚೆನ್ನಾಗಿಯೇ ಹೊರಹಾಕುತ್ತವೆ. ಹೊಸ ಚಳಿಗಾಲದ ಟೈರ್‌ನಲ್ಲಿ ಆಳ ಸಾಮಾನ್ಯವಾಗಿ 8ರಿಂದ 9 ಮಿ.ಮೀ. ಇರುತ್ತದೆ, ನಮ್ಮಲ್ಲಿ ಮಾರುವ ಕಾರ್ ಟೈರ್‌ಗಳಲ್ಲಿ 7ರಿಂದ 8. ತೊಂದರೆ ಇರುವುದು ಗೀರಿನಲ್ಲಲ್ಲ, ರಬ್ಬರಿನಲ್ಲಿ. ಚಳಿಗಾಲದ ಬೆಳಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗುವುದನ್ನು ನೀವು ನೋಡಿಯೇ ಇರುತ್ತೀರಿ. ಸಾಮಾನ್ಯ ಟೈರ್‌ನ ರಬ್ಬರಿಗೂ ತಂಪಿನಲ್ಲಿ ಹಾಗೇ ಆಗುತ್ತದೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಇಳಿದಂತೆ ಅದು ಬಿರುಸಾಗಿ, ರಸ್ತೆಯ ಸಣ್ಣ ಉಬ್ಬುತಗ್ಗುಗಳನ್ನು ತಬ್ಬಿ ಹಿಡಿಯುವ ಗುಣ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರ್‌ಗೆ ಸಿಲಿಕಾ ಮತ್ತು ನೈಸರ್ಗಿಕ ರಬ್ಬರ್ ಹೆಚ್ಚು ಬೆರೆಸಿ, ಅದು ಸೊನ್ನೆಗಿಂತ ಕೆಳಗೂ ಮೆತ್ತಗೇ ಉಳಿಯುವಂತೆ ಮಾಡಿರುತ್ತಾರೆ. ಆ ಕೂದಲೆಳೆಯಂಥ ಸೀಳುಗಳಿಗೆ ಸೈಪ್ ಎನ್ನುತ್ತಾರೆ. ಅವುಗಳ ಮುಖ್ಯ ಕೆಲಸ ಹಿಮವನ್ನು ಕಚ್ಚಿ ಹಿಡಿಯುವುದು. ಹಿಮಕ್ಕೆ ಹಿಮ ಚೆನ್ನಾಗಿ ಅಂಟುತ್ತದೆ, ಉಂಡೆ ಕಟ್ಟಿದ ಹಾಗೆ. ಸೀಳಿನೊಳಗೆ ತುಂಬಿದ ಹಿಮ ರಸ್ತೆಯ ಹಿಮವನ್ನು ಹಿಡಿಯುತ್ತದೆ.

ಈಗ ಅದೇ ಟೈರನ್ನು ಆಷಾಢದ ಶಿರಸಿಗೆ ತನ್ನಿ. ಎಂಥ ಜಡಿಮಳೆಯಲ್ಲೂ ಇಲ್ಲಿ 20 ಡಿಗ್ರಿ, ಘಟ್ಟದ ಕೆಳಗೆ 25. ಮಕರ ಸಂಕ್ರಾಂತಿಯ ಹೊತ್ತಿಗೆ ಮುಂಜಾನೆ 12–14 ಡಿಗ್ರಿಗೆ ಇಳಿದರೆ ನಾವು ಕಂಬಳಿ ಬಿಟ್ಟು ಏಳುವುದಿಲ್ಲ. ಆ ಟೈರ್‌ಗೆ ಅದೂ ಸೆಕೆಯೇ. ಈ ಬಿಸಿಗೆ ಅದರ ರಬ್ಬರ್ ಅತಿ ಮೆತ್ತಗಾಗುತ್ತದೆ. ಬ್ರೇಕ್ ಒತ್ತಿದಾಗ ಆ ಸೀಳಿದ ತುಂಡುಗಳು ಹಳೆಯ ಬ್ರಶ್ಶಿನ ಎಳೆಗಳಂತೆ ಮುಂದಕ್ಕೆ ಬಾಗುತ್ತವೆ, ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಒಣ ರಸ್ತೆಯಲ್ಲೂ ಹಾಗೇ, ಬೆಚ್ಚಗಿನ ಒದ್ದೆ ರಸ್ತೆಯಲ್ಲೂ ಹಾಗೇ. ನಿಮ್ಮ ಕಾರಿನ ಸ್ಟೀರಿಂಗ್‌ನ ಚುರುಕು ಕೂಡ ಮಂಕಾಗುತ್ತದೆ. ಏಪ್ರಿಲ್‌ನಲ್ಲಿ ಅಂಕೋಲಾದ ಬಿಸಿಲಿಗೆ ಕಾದ ಡಾಂಬರಿನ ಮೇಲೆ ಅದು ಪೆನ್ಸಿಲ್ ಅಳಿಸುವ ರಬ್ಬರಿನಂತೆ ಸವೆದುಹೋಗುತ್ತದೆ.

ಜರ್ಮನಿಯಲ್ಲಿ ಅದು ಸುಮ್ಮನೆ ಹಾಕುವ ಟೈರಲ್ಲ. ಹಿಮ, ಮಂಜುಗಡ್ಡೆ, ಕೆಸರು-ಹಿಮ ಇರುವ ರಸ್ತೆಗೆ ಚಳಿಗಾಲದ ಟೈರ್ ಇಲ್ಲದೆ ಇಳಿಯಬಾರದೆಂದು ಕಾನೂನೇ ಇದೆ. 2024ರ ಅಕ್ಟೋಬರ್ 1ರಿಂದ ಅಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮಹರಳು ಇರುವ ಗುರುತು ಟೈರ್ ಮೇಲೆ ಕಡ್ಡಾಯ. ಆ ಗುರುತು ಬೇಕೆಂದರೆ ಹಿಮದ ಮೇಲೆ ಪರೀಕ್ಷೆ ಪಾಸಾಗಬೇಕು. ಬರೀ ‘ಎಂ+ಎಸ್’ ಎಂಬ ಅಕ್ಷರಕ್ಕೆ ಅಂಥ ಪರೀಕ್ಷೆಯಿಲ್ಲ, ತಯಾರಕರೇ ಒತ್ತುವ ಗುರುತು ಅದು. ಇದನ್ನು ಹೇಳಲು ಕಾರಣವಿದೆ: ನಮ್ಮಲ್ಲೂ ಕೆಲವು ಟೈರ್‌ಗಳ ಮೇಲೆ ಎಂ+ಎಸ್ ಇರುತ್ತದೆ, ಅದನ್ನು ತೋರಿಸಿ ‘ಇದು ಮಳೆ ಟೈರ್’ ಎಂದು ಮಾರುವವರಿದ್ದಾರೆ. ಎಂ ಎಂದರೆ ಕೆಸರು, ಎಸ್ ಎಂದರೆ ಹಿಮ. ಮಳೆಯ ಮಾತು ಅದರಲ್ಲಿಲ್ಲ. ಮತ್ತೆ, ಭಾವ ಕಳುಹಿಸುತ್ತೇನೆ ಎಂದರೂ ತರಿಸುವುದು ಸುಲಭವಲ್ಲ. ಭಾರತದಲ್ಲಿ ಟೈರ್‌ಗೆ ಐಎಸ್‌ಐ ಗುರುತು ಬೇಕು, 2020ರ ಜೂನ್‌ನಿಂದ ಕಾರ್ ಟೈರ್ ಆಮದು ನಿರ್ಬಂಧಿತ ಪಟ್ಟಿಯಲ್ಲಿದೆ.

ಯುರೋಪಿನವರು ‘ಬೇಸಿಗೆ ಟೈರ್’ ಎಂದು ಕರೆಯುವ ಜಾತಿಯೇ ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಟೈರ್‌ಗಳು. ಹೆಸರು ಕೇಳಿ ಬಿಸಿಲಿಗೆ ಮಾತ್ರ ಎಂದುಕೊಳ್ಳಬೇಡಿ. ಬೆಚ್ಚಗಿನ ಮಳೆಗೆ ಅದೇ ಸರಿಯಾದ ಟೈರ್. ಅದರಲ್ಲಿ ಯಾವುದು, ಎಷ್ಟು ಆಳದಲ್ಲಿ, ಎಷ್ಟು ಗಾಳಿಯಲ್ಲಿ ಎಂಬುದೇ ನಮ್ಮ ಪ್ರಶ್ನೆ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದದ್ದು ಆ ಎರಡು ಜಾರುಗಳ ವಿವರ. ಎರಡೂ ಬೇರೆ ಬೇರೆ ಕಾಯಿಲೆ, ಎರಡಕ್ಕೂ ಒಂದೇ ಮದ್ದಿಲ್ಲ.

ಘಟ್ಟದ್ದನ್ನು ಮೊದಲು ನೋಡೋಣ. ತಿರುವಿನಲ್ಲಿ ನಿಮ್ಮ ವೇಗ ಗಂಟೆಗೆ 30 ಕಿ.ಮೀ. ಮೀರಿರಲಾರದು. ಆ ವೇಗದಲ್ಲಿ ಟೈರ್ ನೀರಿನ ಮೇಲೆ ತೇಲುವುದಿಲ್ಲ. ಅಲ್ಲಿ ಜಾರಿಸುವುದು ರಸ್ತೆಯ ಮೇಲಿನ ಲೇಪ. ಧರೆಯಿಂದ ಇಳಿದ ಕೆಂಪು ರಾಡಿ, ಗಟಾರ ಕಟ್ಟಿ ರಸ್ತೆಗೇ ಹರಿಯುವ ಒರತೆ, ಬಿಸಿಲೇ ಬೀಳದ ಮರದಡಿಯಲ್ಲಿ ಡಾಂಬರಿನ ಅಂಚಿಗೆ ಕಟ್ಟುವ ಹಾವಸೆ, ಕೊಳೆತ ಎಲೆ. ರಸ್ತೆ ಅಗಲ ಮಾಡಲು ಗುಡ್ಡ ಕಡಿದ ಜಾಗಗಳಲ್ಲಿ ಹಸಿ ಮಣ್ಣು ಇನ್ನೂ ಹೆಚ್ಚು. ಇದರ ಮೇಲೆ ನಿಮ್ಮ ಎಂಜಿನ್‌ನ 250 ನ್ಯೂಟನ್ ಮೀಟರ್ ಟಾರ್ಕ್, ಅದೂ 1,600 ಸುತ್ತಿನ ಆಸುಪಾಸಿನಲ್ಲೇ ಪೂರ್ತಿ ಬಂದುಬಿಡುತ್ತದೆ. ಮುಂದಿನ ಚಕ್ರಗಳೇ ಎಳೆಯಬೇಕು, ಅವೇ ತಿರುಗಬೇಕು. ಏರುವಾಗ ಭಾರ ಹಿಂದಕ್ಕೆ ಸರಿದು ಮುಂದಿನ ಟೈರ್‌ಗಳ ಮೇಲಿನ ಒತ್ತಡ ಇನ್ನಷ್ಟು ಕಡಿಮೆಯಾಗುತ್ತದೆ. ತಿರುವಿನ ನಡುವೆ ಆಕ್ಸಿಲರೇಟರ್ ಸ್ವಲ್ಪ ಜಾಸ್ತಿ ಒತ್ತಿದರೆ ಸಾಕು, ಒಳಗಿನ ಚಕ್ರ ಗಿರಕಿ ಹೊಡೆಯುತ್ತದೆ, ಕಾರು ತಿರುಗುವುದನ್ನು ಬಿಟ್ಟು ನೆಟ್ಟಗೆ ಹೋಗುತ್ತದೆ. ನಿಮಗಾದದ್ದು ಇದೇ. ಇಲ್ಲಿ ನೆರವಾಗುವುದು ಒದ್ದೆಯಲ್ಲಿ ಹಿಡಿಯುವ ಒಳ್ಳೆಯ ರಬ್ಬರ್ ಮತ್ತು ನಿಮ್ಮ ಬಲಗಾಲು. ಗೇರ್‌ಬಾಕ್ಸ್ ಡಿಎಸ್‌ಜಿ (ತಾನೇ ಗೇರ್ ಬದಲಿಸುವಂಥದ್ದು) ಆಗಿದ್ದರೆ ಘಟ್ಟದಲ್ಲಿ ಜೋರಾಗಿ ಎಳೆಸುವ ಎಸ್ ಮೋಡ್ ಬೇಡ. ತಿರುವಿಗೆ ಮೊದಲೇ ಗೇರ್ ಇಳಿಸಿ, ತಿರುವು ಮುಗಿದು ಸ್ಟೀರಿಂಗ್ ನೇರವಾದ ಮೇಲೆ ಎಳೆಸಿ.

ಅಂಕೋಲಾದ್ದು ತೇಲಿಕೆ. ಇದನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. ನಿಮ್ಮ ಟೈರ್‌ನ ಅಗಲ 205 ಮಿ.ಮೀ. ರಸ್ತೆಯ ಮೇಲೆ 3 ಮಿ.ಮೀ. ನೀರು ನಿಂತಿದೆ, ಗಂಟೆಗೆ 80 ಕಿ.ಮೀ.ನಲ್ಲಿ ಹೋಗುತ್ತಿದ್ದೀರಿ ಎಂದುಕೊಳ್ಳಿ. ಆಗ ಒಂದೊಂದು ಮುಂದಿನ ಟೈರ್ ಪ್ರತಿ ಸೆಕೆಂಡಿಗೆ ಹದಿಮೂರು ಲೀಟರಿಗೂ ಹೆಚ್ಚು ನೀರನ್ನು ಅತ್ತಿತ್ತ ದಬ್ಬಬೇಕು. ಒಂದು ಕೊಡ ನೀರು, ಸೆಕೆಂಡಿಗೊಮ್ಮೆ. ರಸ್ತೆಗೆ ತಾಗಿರುವ ಟೈರ್‌ನ ಭಾಗ ನಿಮ್ಮ ಅಂಗೈಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಆ ನೀರು ಹೋಗಲು ಇರುವ ದಾರಿ ಗೀರುಗಳು ಮಾತ್ರ. ಗೀರು 7 ಮಿ.ಮೀ. ಆಳವಿದ್ದಾಗ ಅದು ತೋಟದ ಬಸಿಗಾಲುವೆ ಇದ್ದ ಹಾಗೆ, 2.5 ಮಿ.ಮೀ.ಗೆ ಇಳಿದಾಗ ಹೂಳು ತುಂಬಿದ ಕಾಲುವೆ. ನೀರು ಹೋಗಲು ಜಾಗ ಸಾಲದೆ ಟೈರ್‌ನ ಮುಂದೆ ಬೆಣೆಯಂತೆ ಸೇರಿ ಅದನ್ನು ಎತ್ತಿಬಿಡುತ್ತದೆ. ಆಗ ಸ್ಟೀರಿಂಗ್ ಹಗುರಾಗುತ್ತದೆ, ಎಂಜಿನ್ ಸದ್ದು ಇದ್ದಕ್ಕಿದ್ದಂತೆ ಏರುತ್ತದೆ. ಬ್ರೇಕ್ ಒತ್ತಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್, ಜಾರುವ ಕಾರನ್ನು ದಾರಿಗೆ ತರುವ ಇಎಸ್‌ಸಿ ಎಲ್ಲವೂ ಟೈರ್ ನೆಲಕ್ಕೆ ತಾಗಿದ್ದರೆ ಮಾತ್ರ ಕೆಲಸ ಮಾಡುವಂಥವು.

ಕಾನೂನಿನ ಪ್ರಕಾರ 1.6 ಮಿ.ಮೀ. ಉಳಿದಿದ್ದರೆ ಸಾಕು. ಟೈರ್‌ನ ಗೀರುಗಳೊಳಗೆ ಅಲ್ಲಲ್ಲಿ ಇರುವ ಸಣ್ಣ ದಿಬ್ಬಗಳು ಅದರ ಗುರುತು. ರಬ್ಬರ್ ಸವೆದು ಆ ದಿಬ್ಬಕ್ಕೆ ಸಮನಾದರೆ ಟೈರ್ ಮುಗಿಯಿತು. ಆದರೆ ಅದು ದಂಡ ಬೀಳದಿರುವ ಮಿತಿ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಸುರಿಯುವ ಕರಾವಳಿಗೆ ಅದನ್ನು ನಂಬಿ ಹೊರಡಬಾರದು. ನನ್ನ ಅನುಭವದಲ್ಲಿ ಜೂನ್ ತಿಂಗಳ ಆರಂಭಕ್ಕೆ 4 ಮಿ.ಮೀ. ಇದ್ದರೆ ನಿಶ್ಚಿಂತೆ, 3ಕ್ಕಿಂತ ಕಡಿಮೆಯಿದ್ದರೆ ಬದಲಿಸಲೇಬೇಕು. ಏಕೆಂದರೆ ಅದೇ ಟೈರ್ ಸೆಪ್ಟೆಂಬರ್‌ವರೆಗೂ ಸವೆಯುತ್ತಲೇ ಓಡಬೇಕು. ದೀಪಾವಳಿ ಆಫರ್‌ಗೆ ಕಾಯುತ್ತೇನೆ ಎನ್ನುವವರಿಗೆ ನಾನು ಹೇಳುವುದಿಷ್ಟೆ: ಹೊಸ ಟೈರ್‌ನ ಪೂರ್ತಿ ಆಳ ನಿಮಗೆ ಬೇಕಾಗಿರುವುದು ಆರಿದ್ರಾ ಮಳೆಗೆ. ಅಕ್ಟೋಬರ್‌ನಲ್ಲಿ ಹಾಕಿಸಿದರೆ ಆ ಆಳವನ್ನು ಒಣ ರಸ್ತೆಯಲ್ಲಿ ಸವೆಸಿ, ಉಳಿದದ್ದನ್ನು ಮಳೆಗೆ ಇಟ್ಟ ಹಾಗಾಯಿತು.

ಆಳ ಅಳೆಯಲು ಅಂಗಡಿಗೇ ಹೋಗಬೇಕೆಂದಿಲ್ಲ. ಬೆಂಕಿಕಡ್ಡಿಯನ್ನು ಗೀರಿನೊಳಗೆ ನೆಟ್ಟಗೆ ಇಳಿಸಿ, ರಬ್ಬರಿನ ಮೇಲ್ಮಟ್ಟಕ್ಕೆ ಉಗುರು ಒತ್ತಿ ಗುರುತು ಮಾಡಿ, ಮಗುವಿನ ಸ್ಕೇಲಿನ ಮೇಲಿಟ್ಟು ನೋಡಿ. ಒಂದೇ ಕಡೆ ನೋಡಿದರೆ ಸಾಲದು. ಒಳ ಅಂಚು, ನಡು, ಹೊರ ಅಂಚು, ಹೀಗೆ ಮೂರು ಕಡೆ. ಘಟ್ಟದಲ್ಲಿ ಓಡುವ ಕಾರುಗಳ ಮುಂದಿನ ಟೈರ್‌ಗಳ ಹೊರ ಅಂಚು ಮೊದಲು ಹೋಗುತ್ತದೆ, ಅಷ್ಟೊಂದು ತಿರುವು ತಿರುಗಿಸುತ್ತೇವಲ್ಲ. ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ ಎಂದೇ ತಿಳಿಯಿರಿ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ಅಂಗೈಯನ್ನು ಟೈರ್ ಮೇಲೆ ಅಡ್ಡಕ್ಕೆ ಸವರಿ ನೋಡಿ: ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ತಾಗಿದರೆ ಹೊಸ ಟೈರ್ ಹಾಕುವ ಮೊದಲು ಅಲೈನ್‌ಮೆಂಟ್ ಮಾಡಿಸದೆ ಬಿಡಬೇಡಿ. ಇಲ್ಲವಾದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಈಗ ಹೊಸ ಎರಡು ಟೈರ್ ಎಲ್ಲಿಗೆ ಎಂಬ ಮಾತು. ಇಂಜಿನ್ ಮುಂದಿದೆ, ಎಳೆಯುವುದು ಮುಂದಿನ ಚಕ್ರ, ಬ್ರೇಕಿನ ಹೆಚ್ಚಿನ ಕೆಲಸವೂ ಮುಂದೆಯೇ, ಹಾಗಾಗಿ ಹೊಸದು ಮುಂದೆ ಎಂದು ಯಾರಿಗಾದರೂ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಅಂಗಡಿಯಲ್ಲಿ ನನ್ನ ಸ್ವಂತ ಕಾರಿಗೆ ಮುಂದೆ ಎರಡು ಹೊಸ ಟೈರ್ ಹಾಕಿಸಿಕೊಂಡೆ, ಹಿಂದಿನವು ಇನ್ನೂ ಒಂದು ಮಳೆಗಾಲ ಬರುತ್ತವೆ ಎಂದರು. ಆಶ್ಲೇಷಾ ಮಳೆ. ಕುಮಟಾದಿಂದ ಹೊನ್ನಾವರದ ಕಡೆ ಹೋಗುತ್ತಿದ್ದೆ, ಜೊತೆಗೆ ಹೆಂಡತಿ, ತೊಡೆಯ ಮೇಲೆ ಎರಡು ವರ್ಷದ ಮಗಳು. ಒಂದು ಉದ್ದನೆಯ ಎಡ ತಿರುವು, ರಸ್ತೆಯ ತಗ್ಗಿನಲ್ಲಿ ನೀರು. ಮುಂದಿನ ಚಕ್ರಗಳು ಆ ನೀರನ್ನು ಸೀಳಿ ದಾಟಿದ್ದು ಕೈಗೇ ತಿಳಿಯಿತು, ಸ್ಟೀರಿಂಗ್ ಗಟ್ಟಿಯಾಗಿಯೇ ಇತ್ತು. ಮರುಕ್ಷಣ ಕಾರಿನಡಿ ಬುರ್ರೆಂದು ನೀರಿನ ಸದ್ದು, ಬೆನ್ನಿನ ಹಿಂದೆ ಏನೋ ಸರಿದಂತೆ. ಕಾರಿನ ಬಾಲ ಹೊರಗೆ ಹೋಯಿತು, ಕಿಟಕಿಯಲ್ಲಿ ಕಾಣಬೇಕಾದ ಗದ್ದೆ ಮುಂದಿನ ಗಾಜಿನಲ್ಲಿ ಕಂಡಿತು. ಎದುರಿಗೆ ವಾಹನ ಇರಲಿಲ್ಲ ಎಂಬುದೊಂದೇ ಪುಣ್ಯ. ರಸ್ತೆ ಬಿಟ್ಟು ಕೆಸರಿನಲ್ಲಿ ನಿಂತೆವು, ಯಾರಿಗೂ ಪೆಟ್ಟಾಗಲಿಲ್ಲ. ಇಳಿದು ನೋಡಿದೆ: ಮುಂದಿನ ಟೈರ್‌ಗಳ ಹೊಸ ರಬ್ಬರಿನ ಮುಳ್ಳುಗಳು ಇನ್ನೂ ಹಾಗೇ ಇದ್ದವು, ಹಿಂದಿನವು ನೆನೆದ ಕಲ್ಲಿನಂತೆ ನುಣ್ಣಗೆ ಹೊಳೆಯುತ್ತಿದ್ದವು.

ಆವತ್ತು ಅರ್ಥವಾದದ್ದು ಇದು. ಮುಂದಿನ ಟೈರ್ ತೇಲಿದರೆ ನಿಮಗೆ ಕೈಯಲ್ಲಿ ಸುದ್ದಿ ಬರುತ್ತದೆ. ಆಕ್ಸಿಲರೇಟರ್ ಬಿಟ್ಟರೆ ವೇಗ ತಗ್ಗಿ ಮತ್ತೆ ಹಿಡಿತ ಸಿಗುತ್ತದೆ, ಅಷ್ಟರವರೆಗೆ ಕಾರು ನೆಟ್ಟಗೆ ಹೋಗುತ್ತದೆ. ಹಿಂದಿನದು ತೇಲಿದರೆ ಮುನ್ಸೂಚನೆ ಇಲ್ಲ. ಗೊತ್ತಾಗುವ ಹೊತ್ತಿಗೆ ಕಾರು ಬುಗುರಿಯಾಗಿರುತ್ತದೆ. ಆಗ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ಬಂದು ಬಾಲ ಇನ್ನಷ್ಟು ಹಗುರಾಗುತ್ತದೆ. ಇಎಸ್‌ಸಿ ಇರುವ ನಿಮ್ಮ ಕಾರು ಸ್ವಲ್ಪ ಮಟ್ಟಿಗೆ ಸಂಭಾಳಿಸೀತು, ಆದರೆ ನೀರಿನ ಮೇಲೆ ತೇಲುತ್ತಿರುವ ಚಕ್ರಕ್ಕೆ ಬ್ರೇಕ್ ಹಾಕಿ ಅದು ತಾನೇ ಏನು ಮಾಡೀತು? ಆದ್ದರಿಂದ ಹೆಚ್ಚು ಆಳ ಇರುವ ಜೋಡಿ ಯಾವಾಗಲೂ ಹಿಂದೆ. ಜಗತ್ತಿನ ದೊಡ್ಡ ಟೈರ್ ತಯಾರಕರು ಹೇಳುವುದೂ ಇದನ್ನೇ. ನಿಮ್ಮ ಮುಂದಿನ 2.5 ಮಿ.ಮೀ.ನವು ಹೇಗೂ ಹೊರಗೆ ಹೋಗಬೇಕು; ಅವನ್ನು ಹಿಂದಕ್ಕೆ ಹಾಕಿ ಇನ್ನೊಂದಷ್ಟು ದಿನ ಓಡಿಸುವ ಯೋಚನೆ ಮಾತ್ರ ಖಂಡಿತ ಬೇಡ.

ನಾಲ್ಕೂ ಬದಲಿಸುವುದೇ ಒಳ್ಳೆಯದು ಎಂದೆ. ಅದಕ್ಕೆ ಕಾರಣ, ಹಿಂದಿನ 4 ಮಿ.ಮೀ.ನವು ಮುಂದೆ ಬಂದರೆ ನಿಮ್ಮ ಎಂಜಿನ್ ಮತ್ತು ಆ ಘಟ್ಟ ಸೇರಿ ಮಳೆಗಾಲ ಮುಗಿಯುವ ಮೊದಲೇ ಅವನ್ನು 3ರ ಕೆಳಗೆ ತರುತ್ತವೆ. ಜೊತೆಗೆ ನಾಲ್ಕೂ ಒಂದೇ ಕಂಪನಿ, ಒಂದೇ ಮಾದರಿ ಇದ್ದರೆ ಕಾರಿನ ನಡತೆ ಒಂದೇ ತೆರನಾಗಿರುತ್ತದೆ.

ಯಾವುದು ಕೊಳ್ಳಬೇಕು? ಸ್ಪೋರ್ಟಿ ಕಾರು ಎಂದ ಕೂಡಲೇ ಸ್ಪೋರ್ಟ್ಸ್ ಟೈರ್ ಕಡೆ ಮನಸ್ಸು ಹೋಗುತ್ತದೆ. ಅವುಗಳ ಹೊರ ಅಂಚಿನಲ್ಲಿ ದಪ್ಪ ರಬ್ಬರ್ ತುಂಡುಗಳು, ಕಡಿಮೆ ಗೀರು. ಒಣ ರಸ್ತೆಯ ತಿರುವಿನಲ್ಲಿ ಅದೇ ಅವುಗಳ ಬಲ. ತೆಳು ನೀರಿನ ರಸ್ತೆಯಲ್ಲೂ ಅವುಗಳ ರಬ್ಬರ್ ಚೆನ್ನಾಗಿ ಹಿಡಿಯುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ನಿಂತ ನೀರಿಗೆ ದಾರಿ ಕಡಿಮೆ, ಬೇಗ ಸವೆಯುತ್ತವೆ, ಹೊಂಡಕ್ಕೆ ಬಿದ್ದರೆ ಸೈಡ್‌ವಾಲ್ (ಟೈರ್‌ನ ಪಕ್ಕದ ಗೋಡೆ) ಪೆಟ್ಟು ತಿನ್ನುತ್ತದೆ. ವಾರಕ್ಕೆರಡು ಸಲ ಘಟ್ಟ, ಹೆದ್ದಾರಿ ಎರಡನ್ನೂ ದಾಟುವ ನಿಮಗೆ ನಾನು ಒದ್ದೆ ರಸ್ತೆಗೆ ಒತ್ತು ಕೊಟ್ಟ, ದೂರ ಪ್ರಯಾಣಕ್ಕೆಂದು ಮಾಡಿದ ಟೂರಿಂಗ್ ಟೈರನ್ನೇ ಹೇಳುತ್ತೇನೆ. ನನ್ನ ಮೊದಲ ಆಯ್ಕೆ ಮಿಶೆಲಿನ್ ಪ್ರೈಮಸಿ 4 ಸರಣಿ. ಅದರ ಗೀರುಗಳ ಗೋಡೆ ಓರೆಯಾಗಿರದೆ ಹೆಚ್ಚು ನೆಟ್ಟಗಿರುತ್ತದೆ, ಹಾಗಾಗಿ ಅರ್ಧ ಸವೆದ ಮೇಲೂ ನೀರಿಗೆ ಜಾಗ ಉಳಿಯುತ್ತದೆ. ಅಷ್ಟು ಬೆಲೆ ಬೇಡವೆಂದರೆ ಗುಡ್‌ಇಯರ್ ಅಶ್ಯೂರೆನ್ಸ್ ಟ್ರಿಪಲ್‌ಮ್ಯಾಕ್ಸ್ 2; ಒದ್ದೆ ರಸ್ತೆಯ ಬ್ರೇಕಿಂಗನ್ನೇ ಮುಂದಿಟ್ಟು ಮಾಡಿದ್ದು. ಬ್ರಿಡ್ಜ್‌ಸ್ಟೋನ್ ಟುರಾಂಜಾ, ಯೋಕೋಹಾಮಾ ಬ್ಲೂಅರ್ತ್-ಜಿಟಿ ಕೂಡ ಈ ಸಾಲಿನವೇ. ಕಾರಿನ ಚುರುಕು ಬಿಡಲು ಮನಸ್ಸೇ ಇಲ್ಲವೆಂದರೆ ಅಪೋಲೋದವರ ವ್ರೆಡೆಸ್ಟೈನ್ ಅಲ್ಟ್ರಾಕ್ ನೋಡಬಹುದು, ಆದರೆ ಅದನ್ನು 3 ಮಿ.ಮೀ.ವರೆಗೆ ಸವೆಸದೆ ಬೇಗ ಬದಲಿಸುವ ಮನಸ್ಸಿರಬೇಕು. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ.

ಟೈರ್ ಕೈಗೆ ಬಂದಾಗ ಸೈಡ್‌ವಾಲ್ ಓದಿ. 205/55 ಆರ್16 ಪಕ್ಕದಲ್ಲಿ 91ವಿ ಎಂದಿದ್ದರೆ, 91 ಅಂದರೆ ಒಂದು ಟೈರ್ 615 ಕಿಲೋ ಹೊರುತ್ತದೆ, ವಿ ಅಂದರೆ ಗಂಟೆಗೆ 240 ಕಿ.ಮೀ.ವರೆಗೆ ತಾಳುತ್ತದೆ. ಕಾರಿಗೆ ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಅಂಕಿ, ಕಡಿಮೆ ಅಕ್ಷರದ್ದು ತೆಗೆದುಕೊಳ್ಳಬೇಡಿ. ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ಹುಟ್ಟಿದ ವಾರ ಮತ್ತು ವರ್ಷ: 1425 ಎಂದರೆ 2025ರ ಹದಿನಾಲ್ಕನೇ ವಾರ. ವರ್ಷಕ್ಕಿಂತ ಹಳೆಯದು ಕೊಟ್ಟರೆ ಬೇರೆ ಕೇಳಿ. ‘ಟ್ರಾಕ್ಷನ್’ ಎಂದು ಬರೆದ ಕಡೆ ಎಎ ಅಥವಾ ಎ ಇದ್ದರೆ ಒದ್ದೆ ರಸ್ತೆಯ ಬ್ರೇಕಿಂಗ್ ಚೆನ್ನಾಗಿದೆ ಎಂದು ಅರ್ಥ. ‘ಟ್ರೆಡ್‌ವೇರ್’ ಅಂಕಿ ದೊಡ್ಡದಾದಷ್ಟೂ ಬಾಳಿಕೆ ಹೆಚ್ಚು, ಆದರೆ ಬಹಳ ದೊಡ್ಡ ಅಂಕಿಗೆ ಆಸೆಪಟ್ಟು ಗಟ್ಟಿ ರಬ್ಬರ್ ತರಬೇಡಿ. ಗಿರಾಕಿಗಳು ತೋರಿಸುವ ನಕ್ಷತ್ರದ ಸ್ಟಿಕರ್ ಇಂಧನ ಉಳಿತಾಯದ್ದು. ಅದರಿಂದ ಮಳೆಯ ಹಿಡಿತ ತಿಳಿಯುವುದಿಲ್ಲ. ಭಾವನಿಗೆ ಗೊತ್ತಿರುವ ಯುರೋಪಿನ ಲೇಬಲ್‌ನಲ್ಲಿ ಮಳೆ ಮೋಡದ ಚಿತ್ರದ ಪಕ್ಕ ಎಯಿಂದ ಇವರೆಗೆ ದರ್ಜೆ ಇರುತ್ತದೆ. ಅದೇ ಮಾದರಿಯ ಟೈರ್ ಅಲ್ಲಿ ಮಾರಾಟಕ್ಕಿದ್ದರೆ ಅವರಿಂದ ಕೇಳಿ ತಿಳಿಯಬಹುದು. ಒಂದು ದರ್ಜೆಗೂ ಇನ್ನೊಂದಕ್ಕೂ 80 ಕಿ.ಮೀ. ವೇಗದಿಂದ ನಿಲ್ಲುವಾಗ ಸುಮಾರು 3 ಮೀಟರ್ ವ್ಯತ್ಯಾಸ. ಅಡ್ಡ ಬಂದ ದನ ಉಳಿಯಲು ಅಷ್ಟು ಸಾಕು. ಆದರೆ ಅದು ತೆಳು ನೀರಿನಲ್ಲಿ ಮಾಡಿದ ಪರೀಕ್ಷೆ, ತೇಲಿಕೆಯ ಬಗ್ಗೆ ಏನನ್ನೂ ಹೇಳದು.

ಅಳತೆ ಬದಲಿಸುವ ಆಸೆ ಈ ಕಾರುಗಳ ಮಾಲೀಕರಲ್ಲಿ ಬಹಳ. 225 ಹಾಕಿಸಿದರೆ ನೋಡಲು ಗತ್ತು, ಆದರೆ ಅಗಲ ಹೆಚ್ಚಿದಂತೆ ದಬ್ಬಬೇಕಾದ ನೀರೂ ಹೆಚ್ಚು. 17 ಇಂಚಿನ ಅಲಾಯ್‌ಗೆ ಹೋಗಿ 205/50 ಹಾಕಿದರೆ ಸೈಡ್‌ವಾಲ್ 10 ಮಿ.ಮೀ. ಕಡಿಮೆಯಾಗುತ್ತದೆ. ಆಗಸ್ಟ್‌ನಲ್ಲಿ ನೀರು ತುಂಬಿದ ಹೊಂಡದ ಆಳ ಕಾಣುವುದಿಲ್ಲ. ನನ್ನ ಬಳಿ ಬೆಂಡ್ ತೆಗೆಸಲು ಬರುವ ರಿಮ್‌ಗಳಲ್ಲಿ ಹೆಚ್ಚಿನವು ಹೀಗೆ ದೊಡ್ಡದು ಮಾಡಿಸಿದವೇ. 16ರಲ್ಲೇ ಇರಿ.

ಇನ್ನು ಗಾಳಿ. ಇದಕ್ಕೆ ಖರ್ಚಿಲ್ಲ, ಅದಕ್ಕೇ ಯಾರೂ ಗಮನ ಕೊಡುವುದಿಲ್ಲ. 1960ರ ದಶಕದಲ್ಲಿ ನಾಸಾದವರು ಒದ್ದೆ ರನ್‌ವೇಯಲ್ಲಿ ವಿಮಾನದ ಟೈರ್ ಯಾವ ವೇಗಕ್ಕೆ ತೇಲುತ್ತದೆ ಎಂದು ಅಳೆದು ಒಂದು ಸರಳ ಲೆಕ್ಕ ಕೊಟ್ಟರು: ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ತೇಲುವ ವೇಗ. ಆ ಲೆಕ್ಕದಲ್ಲಿ 33 ಪಿಎಸ್‌ಐ ಇದ್ದರೆ ಗಂಟೆಗೆ ಸುಮಾರು 95 ಕಿ.ಮೀ.ನಲ್ಲಿ ತೇಲುವ ಟೈರ್, 26ಕ್ಕೆ ಇಳಿದರೆ 85ರಲ್ಲೇ ತೇಲುತ್ತದೆ. ಕಾರಿನ ಟೈರ್‌ಗೆ ಈ ಅಂಕಿ ಹಾಗೇ ಹೊಂದುವುದಿಲ್ಲ, ಆದರೆ ಗಾಳಿ ಇಳಿದಂತೆ ಬೇಗ ತೇಲುತ್ತದೆ ಎಂಬುದು ಹೊಂದುತ್ತದೆ. ಮೇ ತಿಂಗಳ ಸೆಕೆಯಲ್ಲಿ ಸರಿಯಾಗಿ ಹಾಕಿಸಿದ ಗಾಳಿ, ಮಳೆ ಹಿಡಿದು ಹವೆ ಹತ್ತು ಡಿಗ್ರಿ ತಂಪಾದರೆ ತಾನಾಗಿಯೇ ಒಂದೂವರೆ ಪಿಎಸ್‌ಐ ಕಡಿಮೆ ತೋರಿಸುತ್ತದೆ, ಸೋರಿಕೆ ಏನೂ ಇಲ್ಲದೆಯೂ. ಮೊದಲ ಮಳೆ ಬಿದ್ದ ವಾರವೇ, ಬೆಳಗ್ಗೆ ಕಾರು ಹೊರಡುವ ಮೊದಲು, ಕಾರಿನ ಸ್ಟಿಕರ್‌ನಲ್ಲಿ ಬರೆದಷ್ಟು ಹಾಕಿಸಿ. ಘಟ್ಟ ಇಳಿದು ಕುಮಟಾದ ಬಂಕಿನಲ್ಲಿ ನೋಡಿದರೆ ಟೈರ್ ಬಿಸಿಯಾಗಿರುತ್ತದೆ, ಅಂಕಿ ಹೆಚ್ಚಿಗೆ ಕಾಣುತ್ತದೆ. ಅದನ್ನು ನಂಬಿ ಗಾಳಿ ಬಿಡಿಸಬೇಡಿ. ಒದ್ದೆಯಲ್ಲಿ ಹಿಡಿತ ಜಾಸ್ತಿ ಸಿಗಲಿ ಎಂದು ಗಾಳಿ ಕಡಿಮೆ ಮಾಡಿಸುವವರೂ ಇದ್ದಾರೆ. ಗದ್ದೆಯ ಟ್ರ್ಯಾಕ್ಟರ್‌ಗೆ ಅದು ಸರಿ, ಹೆದ್ದಾರಿಯ ಕಾರಿಗೆ ಅಪಾಯ.

ಹೊಸ ಟೈರ್ ಹಾಕಿಸಿದ ಮೊದಲ 300 ಕಿ.ಮೀ. ನಿಧಾನಕ್ಕೆ ಹೋಗಿ. ಅಚ್ಚಿನಿಂದ ಸಲೀಸಾಗಿ ಬರಲೆಂದು ಬಳಸಿದ ಲೇಪ ಮೇಲ್ಮೈಯಲ್ಲಿ ಉಳಿದಿರುತ್ತದೆ, ಅದು ಸವೆಯುವವರೆಗೆ ಜಾರು ಇರುತ್ತದೆ. ಮೇ ಮೂರನೇ ವಾರದಲ್ಲೇ ಹಾಕಿಸಿ ಎನ್ನುವುದಕ್ಕೆ ಇದೂ ಒಂದು ಕಾರಣ. ಮೊದಲ ಮಳೆಗೆ ರಸ್ತೆಯ ಮೇಲಿನ ಎಣ್ಣೆ, ಧೂಳು ಎಲ್ಲ ಎದ್ದು ಜಿಡ್ಡಾಗುತ್ತದೆ. ಹೆದ್ದಾರಿ 66ರಲ್ಲಿ ಮೀನಿನ ಲಾರಿ ಸುರಿಸಿಕೊಂಡು ಹೋದ ನೀರು ಬೇರೆ. ಅದರ ಹಿಂದೆ ಅಂಟಿಕೊಂಡು ಹೋಗಬೇಡಿ.

ಒಂದು ಮಾತು ಟೈರ್‌ಗೆ ಸಂಬಂಧಿಸಿದ್ದಲ್ಲ, ಆದರೂ ಬರೆಯದಿರಲಾರೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನೀವು ಪ್ರತಿ ವಾರ ಹೋಗುವ ಅದೇ ಹೆದ್ದಾರಿಯ ಮೇಲೆ. ಧರೆ ಜಾರುವ ದಿನಗಳಲ್ಲಿ ಯಾವ ಟೈರೂ ಕಾಯುವುದಿಲ್ಲ. ರೆಡ್ ಅಲರ್ಟ್ ಇದ್ದ ಸೋಮವಾರ ರಜೆ ಕೇಳಿ. ಭಾನುವಾರ ಮಧ್ಯಾಹ್ನವೇ ಬೆಳಕಿನಲ್ಲಿ ಘಟ್ಟ ಇಳಿದುಬಿಡುವ ಅಭ್ಯಾಸ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಸ್ಟೆಪ್ನಿಯನ್ನು ಮರೆಯಬೇಡಿ. ಟೈರ್ ಬದಲಿಸುವ ದಿನವೇ ಅದನ್ನು ಹೊರತೆಗೆಸಿ ಗಾಳಿ ನೋಡಿಸಿ, ವೀಲ್ ಸ್ಪ್ಯಾನರ್‌ನಿಂದ ಒಮ್ಮೆ ನೀವೇ ಬೋಲ್ಟ್ ಸಡಿಲಿಸಿ ನೋಡಿ. ಅಂಗಡಿಯವರು ಮೆಷಿನ್‌ನಲ್ಲಿ ಬಿಗಿದ ಬೋಲ್ಟ್ ಕೈಗೆ ಬರದಿದ್ದರೆ ಅಲ್ಲೇ ಕೈಯಿಂದ ಬಿಗಿಸಿಕೊಳ್ಳಿ. ದೇವಿಮನೆಯ ಕೆಲವು ತಿರುವುಗಳಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಒಂದು ಟಾರ್ಚ್, ಒಂದು ರೇನ್‌ಕೋಟ್, ಜಾಕ್ ಕೆಳಗೆ ಇಡಲು ಅಂಗೈ ಅಗಲದ ಹಲಗೆ ಡಿಕ್ಕಿಯಲ್ಲಿರಲಿ. ಹಸಿ ಮಣ್ಣಿನಲ್ಲಿ ಹಲಗೆ ಇಲ್ಲದಿದ್ದರೆ ಜಾಕ್ ಒಳಗೆ ಹೂತುಹೋಗುತ್ತದೆ, ಕಾರು ಮೇಲೇಳುವುದಿಲ್ಲ.